ಬೇರಿಕೆಯಲ್ಲಿ ನಮಗಿರುವ ತೋಟ

ಅನುಮಾನ ನನಗೆ ಹುಟ್ಟುಗುಣ. ಹಾಲಿನವನು ಬೇಗ ಬಂದರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಅನ್ನಿಸುತ್ತದೆ. ತಡವಾಗಿ ಬಂದರೆ ನೀರು ಹುಡುಕಿಕೊಂಡು ಹೋಗಿದ್ದನೇನೋ ಅನ್ನಿಸುತ್ತದೆ. "ನಿನ್ನ ಕಣ್ಣಿಗೆ ದೇವರ ತೀರ್ಥದಲ್ಲೂ ಹುಳ ಕಾಣುತ್ತೆ ಬಿಡು" ಎಂದು ಅಮ್ಮ ಬೈಯುತ್ತಿದ್ದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸಲು ಸೇರಿದ ಮೇಲೆ ಈ ಗುಣ ಇನ್ನಷ್ಟು ಹದವಾಯಿತು. ಉತ್ತರ ಸರಿ ಬಂದಿದ್ದರೂ ಪಕ್ಕದವನದು ನೋಡಿ ಬರೆದನೋ ಎಂದು ವಿಚಾರಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರೆ ಎಂದು ನಾನು ತಿಳಿದಿದ್ದೇನೆ.

ಇಂಥವಳನ್ನು ಕಟ್ಟಿಕೊಂಡವರು ಒಬ್ಬ ಗೋಲ್‌ಕೀಪರ್. ನಮ್ಮದು ತಲೆಮಾರುಗಳಿಂದ ಹೊಸೂರಿನಲ್ಲೇ ಇರುವ ಮನೆತನ. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು. ಇವರು ಮಾಲೂರಿನ ಕಡೆಯ ಹಳ್ಳಿಯವರು. ಹಾಕಿ ಆಡುತ್ತಾರೆಂದೇ ಇಲ್ಲಿನ ದೊಡ್ಡ ಫ್ಯಾಕ್ಟರಿಯೊಂದು ಕರೆದು ಕೆಲಸ ಕೊಟ್ಟಿತ್ತು. ಹೆಣ್ಣು ನೋಡಲು ಬಂದ ದಿನ ಅಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿ, "ಚೆಂಡು ತಡೆಯೋದೂ ಒಂದು ಕೆಲಸ ಏನಪ್ಪಾ?" ಎಂದು ಕೇಳಿದ್ದರು. ಇವರು, "ತಡೀದಿದ್ರೆ ಗೊತ್ತಾಗ್ತದೆ ಸಾರ್, ಕೆಲಸಾನೋ ಅಲ್ವೋ ಅಂತ" ಎಂದರು. ಆ ಒಂದು ಮಾತಿಗೆ ನಾನು ಒಪ್ಪಿದೆ. ಆದರೂ ಆ ಮಾತನ್ನು ಯಾರಾದರೂ ಹೇಳಿಕೊಟ್ಟಿದ್ದರೇನೋ ಎಂಬ ಅನುಮಾನ ಬಹಳ ದಿನ ಇತ್ತು.

ಆ ಫ್ಯಾಕ್ಟರಿಯ ಹಾಕಿ ಟೀಮು ಅಂದರೆ ನಮ್ಮ ಊರಿಗೆ ಊರೇ ಪ್ರಾಣ ಬಿಡುತ್ತದೆ. ಆಟೋಗಳ ಹಿಂದೆ ಅದರ ಚಿತ್ರ, ಕಟಿಂಗ್ ಶಾಪಿನ ಗೋಡೆಯಲ್ಲಿ ಅದರ ಫೋಟೊ, ಮಕ್ಕಳ ಮೈಮೇಲೆ ಅದರ ನೀಲಿ ಬನಿಯನ್ನು. ದುಡ್ಡಿಗಂತೂ ಬರವಿಲ್ಲ. ಹೊರದೇಶದ ಸ್ಟಿಕ್ಕುಗಳು, ಏಸಿ ಬಸ್ಸು, ಬೇರೆ ರಾಜ್ಯದಿಂದ ಕರೆಸಿದ ಕೋಚು, ಕಾಲು ಉಜ್ಜುವುದಕ್ಕೇ ಒಬ್ಬ ಡಾಕ್ಟರು. ಆಟಕ್ಕೆ ಮುಂಚೆ ಗ್ರೌಂಡಿನ ನೀಲಿ ಪ್ಲಾಸ್ಟಿಕ್ ಹುಲ್ಲಿನ ಟರ್ಫಿನ ಮೇಲೆ ಮೋಟಾರಿನಿಂದ ನೀರು ಚಿಮ್ಮಿಸುತ್ತಾರೆ. ನಮ್ಮ ಬೀದಿಯ ನಲ್ಲಿಯಲ್ಲಿ ನೀರು ಬರುವ ದಿನ ಹಬ್ಬ ಮಾಡುವ ನನಗೆ ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಇಷ್ಟೆಲ್ಲ ಇದ್ದೂ ಕಪ್ಪು ಬರುತ್ತಿರಲಿಲ್ಲ. ಸುತ್ತಲಿನ ಫ್ಯಾಕ್ಟರಿಗಳೆಲ್ಲ ಸೇರಿ ಆಡುವ ಪಂದ್ಯಾವಳಿಯಲ್ಲಿ ಲೀಗ್ ಆಟಗಳನ್ನು ನಮ್ಮ ಟೀಮಿನವರು ಸಲೀಸಾಗಿ ಗೆಲ್ಲುತ್ತಿದ್ದರು. ಸೆಮಿಫೈನಲ್ಲೂ ಗೆಲ್ಲುತ್ತಿದ್ದರು. ಫೈನಲ್ಲಿನಲ್ಲಿ ಮಕಾಡೆ ಬೀಳುತ್ತಿದ್ದರು. ಒಂದು ವರ್ಷವಲ್ಲ ಎರಡು ವರ್ಷವಲ್ಲ, ನಾನು ಮದುವೆಯಾದಾಗಿನಿಂದ ಇದೇ ಕತೆ. ಎದುರಿಗೆ ಇಂಥದೇ ಟೀಮು ಎಂದೂ ಇರಲಿಲ್ಲ. ಪ್ರತಿ ವರ್ಷ ಬೇರೆ ಯಾರೋ ಬಂದು ಕಪ್ಪು ಎತ್ತಿಕೊಂಡು ಹೋಗುತ್ತಿದ್ದರು. ಒಮ್ಮೆಯಂತೂ ಸಣ್ಣದೊಂದು ಎರಕದ ಕಾರ್ಖಾನೆಯವರು, ಪ್ಯಾಡಿಗೆ ತೇಪೆ ಹಾಕಿಕೊಂಡು ಬಂದವರು, ಗೆದ್ದು ಟೆಂಪೋದಲ್ಲಿ ಕುಣಿಯುತ್ತಾ ಹೋದರು.

ಸೋತ ಊರಿಗೆ ಕಾರಣ ಬೇಕಲ್ಲ. ಗೋಲ್ ಪೋಸ್ಟಿನ ವಾಸ್ತು ಸರಿಯಿಲ್ಲ ಎಂದರು, ಯಾರೋ ದೃಷ್ಟಿ ಹಾಕಿದ್ದಾರೆ ಎಂದರು. ಕೊನೆಗೆ ಎಲ್ಲ ಮಾತೂ ಬಂದು ನಿಲ್ಲುತ್ತಿದ್ದದ್ದು ಒಂದೇ ಕಡೆ: ಕೀಪರ್ ದುಡ್ಡು ತಿಂದಿದ್ದಾನೆ. ಹನ್ನೊಂದು ಜನ ಸೇರಿ ಸೋತರೂ ಚೆಂಡು ಒಳಗೆ ಹೋಗುವುದು ಒಬ್ಬನ ಪಕ್ಕದಿಂದ. ಸಾನಮಾವು ಕಾಡಿನಿಂದ ಆನೆ ಬಂದಿದೆ ಎಂದು ಅರಣ್ಯದವರೇ ಬಂದು ಹೇಳಿದರೂ ನಂಬದ ಜನ ಇದನ್ನು ಮಾತ್ರ ಕೇಳಿದ ತಕ್ಷಣ ನಂಬುತ್ತಿದ್ದರು.

ನನ್ನ ಗಂಡನಿಗಿಂತ ಮೊದಲು ಒಬ್ಬ ಕೀಪರ್ ಇದ್ದರು. ಅವರು ಕೃಷ್ಣಗಿರಿಯಲ್ಲಿ ಎರಡು ಮಹಡಿಯ ಮನೆ ಕಟ್ಟಿಸಿದ್ದಾರೆ, ಮೆಟ್ಟಿಲಿಗೆಲ್ಲ ಗ್ರಾನೈಟು ಹಾಸಿದ್ದಾರೆ, ಅದೆಲ್ಲ ಸೋತ ಫೈನಲ್ಲುಗಳ ದುಡ್ಡು ಎಂದು ಊರಿಗೆಲ್ಲ ಗೊತ್ತಿತ್ತು. ಆ ಮನೆಯನ್ನು ಕಂಡೆ ಎಂದವರನ್ನು ನಾನು ಕಂಡಿರಲಿಲ್ಲ. ಮಂಡಿ ನೋವೆಂದು ಅವರು ಕೆಲಸ ಬಿಟ್ಟು ಹೋದ ಮೇಲೆ ಮಾತು ಇವರ ಮೇಲೆ ತಿರುಗಿತು. ಇವರು ಕಟಿಂಗ್ ಶಾಪಿಗೆ ಹೋದರೆ ಒಳಗಿನ ಮಾತು ಟಪ್ಪೆಂದು ನಿಲ್ಲುತ್ತಿತ್ತು. ಆಮೇಲಾಮೇಲೆ ಗಡ್ಡವನ್ನು ಮನೆಯಲ್ಲೇ ಹೆರೆದುಕೊಳ್ಳುವುದಕ್ಕೆ ಶುರು ಮಾಡಿದರು.

ಹೋದ ವರ್ಷ ಪಂದ್ಯಾವಳಿ ಶುರುವಾಗುವ ಮುಂಚೆ, ಕನ್ನಡಿಯ ಮುಂದೆ ನಿಂತು ಗಲ್ಲಕ್ಕೆ ನೊರೆ ಹಚ್ಚಿಕೊಳ್ಳುತ್ತಾ ಹೇಳಿದರು: "ಈ ಸಲದ್ದೇ ಕೊನೆ. ಆಮೇಲೆ ಟೀಮಿಂದ ಎತ್ತಾಕ್ತಾರೆ. ಕಪ್ಪು ಬೇಡ ಕಣೇ ನಂಗೆ. ಹೆಸರು ಕೆಡದಂಗೆ ಆಚೆ ಬಂದ್ಬುಟ್ರೆ ಸಾಕು."

ಕೇಳಿ ಅಯ್ಯೋ ಪಾಪ ಅನ್ನಿಸಿತು. ಹಾಗೆಂದು ಅನುಮಾನವೇನೂ ಸುಮ್ಮನಿರಲಿಲ್ಲ. ನಾನು ಮೊದಲು ಅನುಮಾನಿಸಿದ್ದು ಕೋಚನ್ನು. ಹೊರಗಿನವನು, ಸೋತರೂ ಗೆದ್ದರೂ ಸಂಬಳ ಎಣಿಸುವವನು. ಆಮೇಲೆ ಕಾಲು ಉಜ್ಜುವ ಡಾಕ್ಟರನ್ನು. ಫೈನಲ್ಲಿನ ದಿನವೇ ಎಲ್ಲರ ಕಾಲೂ ಭಾರವಾಗುವುದು ಹೇಗೆ? ಆಟದ ನಡುವೆ ಕೊಡುವ ಬಣ್ಣದ ನೀರನ್ನೂ ಅನುಮಾನಿಸಿದೆ. ಎಲ್ಲರನ್ನೂ ಸೋಸಿಯಾದ ಮೇಲೆ ಜರಡಿಯಲ್ಲಿ ಉಳಿದವರು ನನ್ನ ಗಂಡ.

ಅದಕ್ಕೆ ಕಾರಣವಿತ್ತು. ಸೆಮಿಫೈನಲ್ಲಿಗೆ ಮುಂಚಿನ ವಾರ ಇವರು ಸಂಜೆ ಹೊತ್ತು ಫೋನು ಹಿಡಿದು ತಾರಸಿಗೆ ಹತ್ತುತ್ತಿದ್ದರು. ಮನೆಯಲ್ಲಿ ಸಿಗ್ನಲ್ ಚೆನ್ನಾಗಿಯೇ ಇದೆ. ಒಣಗಿದ ಬಟ್ಟೆ ತರುವ ನೆಪದಲ್ಲಿ ನಾನೂ ಹತ್ತಿದೆ. ನೀರಿನ ಟ್ಯಾಂಕಿನ ಆ ಕಡೆ ನಿಂತು ಇವರು ಮೆಲ್ಲಗೆ ಮಾತಾಡುತ್ತಿದ್ದರು: "ಆಗಲ್ಲಣ್ಣ... ಜನ ಏನಂತಾರೆ ಅಂತ ನಿಮಗ್ ಗೊತ್ತಿಲ್ವಾ... ಹೂಂ, ಯೋಚ್ನೆ ಮಾಡ್ತೀನಿ." ಸ್ನಾನಕ್ಕೆ ಹೋದಾಗ ಫೋನು ತೆಗೆದು ನೋಡಿದೆ. ಹೆಸರಿನ ಜಾಗದಲ್ಲಿ "ಕೃಷ್ಣಗಿರಿ ಅಣ್ಣ" ಎಂದಿತ್ತು.

ಕೃಷ್ಣಗಿರಿಯಲ್ಲಿ ಇವರಿಗಿರುವ ಅಣ್ಣ ಒಬ್ಬರೇ, ಆ ಹಳೆಯ ಕೀಪರ್. ಗ್ರಾನೈಟಿನ ಮೆಟ್ಟಿಲು ಕಣ್ಣ ಮುಂದೆ ಬಂತು. ಊರು ಆಡುವ ಮಾತು ನಿಜವಿರಬಹುದೆಂದು ನನಗೆ ಮೊದಲ ಸಲ ಅನ್ನಿಸಿದ್ದು ಆವತ್ತು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಇವರು ಏನೂ ಅನ್ನದೆ ಉಂಡರು. ಅನ್ನದಿದ್ದದ್ದೂ ನನಗೆ ಅನುಮಾನವೇ.

ನನ್ನ ಪುಣ್ಯಕ್ಕೆ ಅದೇ ವಾರ ಪಬ್ಲಿಕ್ ಪರೀಕ್ಷೆಯ ಪೇಪರ್ ತಿದ್ದುವ ಕೆಲಸ ಕೃಷ್ಣಗಿರಿಗೆ ಬಿತ್ತು. ಮಧ್ಯಾಹ್ನ ನನ್ನ ಕಟ್ಟು ಮುಗಿಸಿ, ಜೊತೆಯ ಮೇಡಂಗಳು ಮಾವಿನಕಾಯಿ ಕೊಳ್ಳಲು ಹೊರಟಾಗ ನಾನು ತಲೆನೋವೆಂದು ಹೇಳಿ ಆಟೋ ಹತ್ತಿದೆ. ಹಾಕಿ ಆಡುತ್ತಿದ್ದವರ ಮನೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಹೊಸೂರಿನಿಂದ ಬಂದು ಸೇರಿಕೊಂಡವರು, ಮಂಡಿ ನೋವಿನವರು ಎಂದಾಗ ಹೂವಿನ ಅಂಗಡಿಯವನು, "ಓ, ಹಿಟ್ಟಿನ ಮಿಷನ್ನೋರಾ?" ಎಂದು ದಾರಿ ತೋರಿಸಿದ.

ಅದು ರಾಗಿ, ಅಕ್ಕಿ ಬೀಸಿಕೊಡುವ ಮಿಷನ್ನು. ಹಿಂದುಗಡೆ ಶೀಟಿನ ಮನೆ. ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತ ಮನುಷ್ಯರೊಬ್ಬರು ಕುಂಟುತ್ತಾ ಬಂದರು. ಇಂಥವರ ಹೆಂಡತಿ ಎಂದು ನಾನು ಹೇಳಿಕೊಂಡ ತಕ್ಷಣ ಬೆಲ್ಟು ಕಳಚಿ ಮಿಷನ್ನು ನಿಲ್ಲಿಸಿದರು. ಮನೆಯ ಬಾಗಿಲಲ್ಲಿ ಗ್ರಾನೈಟು ಇತ್ತು. ಒಂದೇ ಮೆಟ್ಟಿಲು, ಅದೂ ಮೂಲೆ ಒಡೆದ ಕಲ್ಲು, ಯಾರೋ ಬಿಸಾಕಿದ್ದನ್ನು ತಂದು ಹಾಕಿದ ಹಾಗಿತ್ತು.

ನನ್ನ ಕಣ್ಣು ಎಲ್ಲಿದೆ ಎಂದು ಅವರಿಗೆ ಗೊತ್ತಾಯಿತು. "ನೋಡ್ಕೊಮ್ಮ ನೋಡ್ಕೊ. ಹೊಸೂರಿಂದ ಬರೋ ನೆಂಟ್ರೆಲ್ಲ ಮೊದ್ಲು ನೋಡೋದು ಅದ್ನೇಯ" ಎಂದು ನಕ್ಕರು.

ನಾಚಿಕೆಯಾದರೂ ಬಂದ ಕೆಲಸ ಬಿಡುವವಳಲ್ಲ ನಾನು. "ನಮ್ಮೆಜಮಾನ್ರು ನಿಮಗೆ ಯಾಕೆ ಫೋನ್ ಮಾಡ್ತಾರೆ?" ಎಂದು ನೇರವಾಗಿ ಕೇಳಿದೆ.

"ಪ್ರತಿ ವರ್ಸ ಮಾಡ್ತಾನೆ. ಫೈನಲ್ಲಿಗ್ ಮುಂಚೆ. 'ಈ ಸಲ ಕೂತ್ಕೊಬುಡ್ಲಾ ಅಣ್ಣ' ಅಂತ ಕೇಳ್ತಾನೆ."

"ಕೂತ್ಕೊಳ್ಳೋದಂದ್ರೆ?"

"ಬೆಂಚ್ ಮ್ಯಾಲೆ. ಲೀಗ್ ಮ್ಯಾಚಲ್ಲಿ ಕೂತ್ಕೋತಾನಲ್ಲ, ಹಂಗೆ."

ನನಗೆ ತಲೆಬುಡ ತಿಳಿಯಲಿಲ್ಲ. ಲೀಗ್ ಆಟಗಳೂ ಸೆಮಿಫೈನಲ್ಲೂ ನಡೆಯುವುದು ವಾರದ ನಡುವೆ, ಸ್ಕೂಲಿನ ಹೊತ್ತಿನಲ್ಲಿ. ನಾನು ಒಂದನ್ನೂ ನೋಡಿದವಳಲ್ಲ. ಊರೂ ಅಷ್ಟೆ, ಆಗ ಶಿಫ್ಟಿನಲ್ಲಿರುತ್ತದೆ. ಎಲ್ಲರೂ ನೋಡುವುದು ಭಾನುವಾರದ ಫೈನಲ್ಲನ್ನು. ಈಚಿನ ವರ್ಷಗಳಲ್ಲಿ ವಾರದ ನಡುವಿನ ಆಟಗಳ ದಿನ ಇವರ ಜೆರ್ಸಿ ಒಗೆಯುವಾಗ ಒಂದು ಹನಿ ಬೆವರಿನ ವಾಸನೆಯೂ ಇರುತ್ತಿರಲಿಲ್ಲ. ನಮ್ಮ ಟೀಮು ಎಷ್ಟು ಗಟ್ಟಿಯೆಂದರೆ ಚೆಂಡು ಇವರ ತನಕ ಬರುವುದೇ ಇಲ್ಲ ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ. ಹಾಲಿನಲ್ಲಿ ನೀರು ಹುಡುಕುವವಳು ಜೆರ್ಸಿಯಲ್ಲಿ ಬೆವರು ಹುಡುಕಿರಲಿಲ್ಲ.

ಅವರು ಮಿಷನ್ನಿನ ಪಕ್ಕದ ಮೂಟೆಯ ಮೇಲೆ ಕೂತು ಬಿಡಿಸಿ ಹೇಳಿದರು.

"ಲೀಗು, ಸೆಮಿಫೈನಲ್ಲು ಎಲ್ಲಾ ಹುಡುಗ್ರು ಆಡೋದಮ್ಮ. ಗೆಲ್ಸೋದೂ ಅವ್ರೇ. ಫೈನಲ್ ದಿನ ಫ್ಯಾಕ್ಟರಿ ಡೈರೆಕ್ಟ್ರು ಬತ್ತಾರೆ. ಸಾಲಾಗಿ ನಿಲ್ಸಿ ಹಾರ ಹಾಕ್ತಾರೆ, ಕೈ ಕುಲುಕ್ತಾರೆ, ಫೋಟೊ ತಗ್ದು ಕ್ಯಾಂಟೀನಾಗೆ ಹಾಕ್ತಾರೆ. ಫ್ಯಾಕ್ಟರಿಯಾಗೆ ಎಲ್ಲಾ ಸರ್ವೀಸ್ ಮ್ಯಾಲೆ ತಾನೇ? ಬಸ್ಸಲ್ಲಿ ಕಿಟ್ಕಿ ಸೀಟು, ದೀಪಾವಳಿ ರಜ, ಎಲ್ಲಾ. ಹಾರಾನೂ ಹಂಗೇಯ. ಹಾರ ಹಾಕಿಸ್ಕೊಂಡ ಸೀನಿಯರ್ರು ಬೆಂಚ್ ಮ್ಯಾಲೆ ಕೂತು, ನಿನ್ನೆ ಮೊನ್ನೆ ಸೇರಿದ ಹುಡುಗ ಆಡಿದ್ರೆ ಮರ್ಯಾದೆ ಏನಾಯ್ತದೆ? ಅದಕ್ಕೇ ಆವತ್ತು ಅಣ್ಣಂದಿರೆಲ್ಲ ಇಳೀತಾರೆ."

"ಕೋಚ್ ಸುಮ್ನಿರ್ತಾರಾ?"

"ಅವ್ನು ಹೊರಗಿನೋನು. ಒಂದ್ ಸಲ ಬಾಯ್ಬಿಟ್ಟ. ಅಣ್ಣಂದಿರೆಲ್ಲ ಅವನ್ ಜೊತೆ ಮಾತೇ ಬಿಟ್ಬುಟ್ರು. ಈಗ ಅವ್ನೂ ವಣಕ್ಕಂ ಹೇಳ್ಕೊಂಡು ಓಡಾಡ್ತಾನೆ."

"ಹುಡುಗರಿಗೆ ಸಿಟ್ಟು ಬರಲ್ವಾ?"

"ಯಾಕ್ ಬತ್ತದೆ? ನಾಳೆ ಅವ್ರೂ ಅಣ್ಣಂದಿರಾಗೋರೇ ಅಲ್ವಾ."

ನಾನು ಮದುವೆಯಾದ ಹೊಸತರಲ್ಲಿ ಫೈನಲ್ಲಿನ ದಿನ ಇವರು ಬೆಂಚಿನ ಮೇಲೆ ಕೂತಿರುತ್ತಿದ್ದದ್ದು ನೆನಪಾಯಿತು. ಎರಡನೆಯ ಕೀಪರಿರಬೇಕು ಎಂದುಕೊಂಡಿದ್ದೆ. ಆಗ ಗೋಲಿನಲ್ಲಿ ನಿಲ್ಲುತ್ತಿದ್ದವರು ಈಗ ನನ್ನೆದುರು ಮೂಟೆಯ ಮೇಲೆ ಕೂತವರು.

"ನೀವ್ಯಾಕೆ ಕೂತ್ಕೊಳ್ಳಲಿಲ್ಲ?" ಎಂದು ಕೇಳಿದೆ.

ಅವರು ಹಿಟ್ಟಿನ ಕೈಯನ್ನು ಪಂಚೆಗೆ ಒರೆಸಿಕೊಂಡರು. "ಧೈರ್ಯ ಬರ್ಲಿಲ್ಲಮ್ಮ. ನಿಂತು ಸೋತ್ರೆ ಒಬ್ಬಿಬ್ರು ಕಳ್ಳ ಅಂತಾರೆ. ಕೂತ್ಕೊಂಡ್ರೆ ಊರೆಲ್ಲ ಅಂತದೆ, ದುಡ್ಡು ಇಸ್ಕೊಂಡೇ ಕೂತ ಅಂತ. ನಿನ್ ಗಂಡನ್ಗೂ ಇದೇ ಹೇಳ್ದೆ. ಅವ್ನು ಕೇಳೋ ಜಾತಿ ಅಲ್ಲ, ಒಂದಿನ ಕೂತ್ಕೋತಾನೆ ನೋಡು."

ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ನೆಮ್ಮದಿಯಾಗಬೇಕಿತ್ತು. ಆದರೆ ಮೋಸಹೋದ ಹಾಗೆ ಅನ್ನಿಸುತ್ತಿತ್ತು. ಇಷ್ಟು ವರ್ಷ ಹುಡುಕಿದ್ದಕ್ಕೆ ಒಬ್ಬ ಕಳ್ಳನಾದರೂ ಸಿಗಬಾರದೇ? ಶೂಲಗಿರಿ ದಾಟುವಷ್ಟರಲ್ಲಿ ಹೊಸ ಅನುಮಾನ ಎದ್ದಿತು. ಇಬ್ಬರೂ ಮಾತಾಡಿಕೊಂಡು ನನಗೆ ಈ ಕತೆ ಕಟ್ಟಿದ್ದರೆ? ಗ್ರಾನೈಟಿನ ಮನೆ ಬೇರೆ ಬೀದಿಯಲ್ಲಿದ್ದರೆ?

ಅದಕ್ಕೇ ಸೆಮಿಫೈನಲ್ಲಿನ ದಿನ ಅರ್ಧ ದಿನ ರಜೆ ಹಾಕಿ, ಕೊಡೆ ಮರೆ ಮಾಡಿಕೊಂಡು, ಗ್ರೌಂಡಿನ ಬೇಲಿಯ ಹೊರಗೆ ಬೇವಿನ ಮರದ ಕೆಳಗೆ ನಿಂತೆ. ರಿಟೈರಾದ ನಾಲ್ಕಾರು ಮುದುಕರನ್ನು ಬಿಟ್ಟರೆ ನೋಡುವವರು ಯಾರೂ ಇರಲಿಲ್ಲ. ಆಡುತ್ತಿದ್ದವರು ಅದೇ ನೀಲಿ ಜೆರ್ಸಿಯವರು, ಆದರೆ ಒಂದು ಮುಖವೂ ನನಗೆ ಗುರುತಿಲ್ಲ. ಹಾಕಿಯ ಲೆಕ್ಕ ಗೊತ್ತಿಲ್ಲದ ನನಗೂ ಮೈ ಜುಮ್ಮೆನ್ನುವ ಹಾಗೆ ಆಡಿದರು. ಎದುರಿನವರು ತಪ್ಪು ಮಾಡಿ ಪೆನಾಲ್ಟಿ ಕಾರ್ನರ್ ಸಿಕ್ಕಾಗಲೆಲ್ಲ ಒಬ್ಬ ಸಣಕಲ ಹುಡುಗ ಬಗ್ಗಿ ಚೆಂಡನ್ನು ಎಳೆದು ಎಸೆದ ಹಾಗೆ ಹೊಡೆಯುತ್ತಿದ್ದ. ಅದು ಗೋಲಿನ ಹಿಂದಿನ ಹಲಗೆಗೆ ಬಡಿದ ಸದ್ದು ಬಂದ ಮೇಲೆಯೇ ಗೋಲಾಯಿತೆಂದು ತಿಳಿಯುತ್ತಿತ್ತು. ಗೋಲಿನಲ್ಲಿದ್ದವನು ಸಾನಮಾವಿನ ಕಡೆಯ ರೈತರ ಮನೆಯ ಹುಡುಗ, ಸೇರಿ ಮೂರ್ನಾಲ್ಕು ವರ್ಷವಾದವನು. ಬಂದದ್ದನ್ನೆಲ್ಲ ಒದ್ದು ಕಳಿಸುತ್ತಿದ್ದ. ನನ್ನ ಗಂಡ ಬೆಂಚಿನ ಕೊನೆಯಲ್ಲಿ ಟವೆಲ್ಲು ಹಿಡಿದುಕೊಂಡು ಕೂತಿದ್ದರು. ವಿರಾಮದಲ್ಲಿ ಹುಡುಗನ ಕುತ್ತಿಗೆಯ ಮೇಲೆ ನೀರು ಸುರಿದು, ಕೈಯಾಡಿಸಿ ಏನೋ ಹೇಳಿಕೊಟ್ಟರು. ಅಷ್ಟು ದೂರದಿಂದಲೂ ಅವರ ಮುಖದಲ್ಲಿ ಕಂಡ ಆಸೆಯನ್ನು ನಾನು ಗುರುತಿಸಿದೆ. ತಮ್ಮದೇ ಮನೆಯ ಮದುವೆಯಲ್ಲಿ ಬಡಿಸುತ್ತಾ ನಿಂತವರ ಹಾಗಿದ್ದರು.

ರಾತ್ರಿ ಊಟಕ್ಕೆ ಬಡಿಸುತ್ತಾ, "ಇವತ್ತು ಗ್ರೌಂಡಿಗೆ ಬಂದಿದ್ದೆ" ಎಂದೆ. ಅವರು ತುತ್ತು ಕೆಳಗಿಟ್ಟರು. "ಕೃಷ್ಣಗಿರಿಗೂ ಹೋಗಿದ್ದೆ" ಎಂದೆ.

ಅವರು, "ನೀನು ಟೀಚರಾಗಿದ್ದು ತಪ್ಪು ಕಣೇ. ಪೊಲೀಸ್ನೋರಿಗೆ ಲಾಸು" ಎಂದರು.

"ಇಷ್ಟು ವರ್ಷ ನಂಗೆ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ನಾನ್ ಹುಡುಗನಾಗಿದ್ದಾಗ ಅಣ್ಣ ಇಳೀತಿದ್ರು. ನಾನು ಲೀಗೆಲ್ಲಾ ಗೆಲ್ಸಿ, ಫೈನಲ್ ದಿನ ಅವರ ಪ್ಯಾಡ್ ಹೊತ್ಕೊಂಡ್ ಹೋಗ್ತಿದ್ದೆ. ಒಂದಿನ ನನ್ ಸರದಿ ಬತ್ತದೆ ಅಂತ ಕಾಯ್ತಿದ್ದೆ. ಬಂತು. ಬಂದಿದ್ದನ್ನ ಬುಟ್ಟುಕೊಡೋದು ಸುಲ್ಬ ಅಲ್ಲ." ನೀರು ಕುಡಿದು ಮುಂದುವರಿಸಿದರು. "ಆ ಹುಡುಗ ನನಗಿಂತ ಬಲು ಚೆನ್ನಾಗಿ ಆಡ್ತಾನೆ. ಅದು ನಂಗೂ ಗೊತ್ತು. ಆದ್ರೆ ಕೂತ್ರೆ ಕಳ್ಳ ಅಂತಾರಲ್ಲ."

"ನಿಂತ್ರೂ ಕಳ್ಳ ಅಂತಾರಲ್ರೀ. ಎರಡು ರೀತಿ ಮಾಡಿದ್ರೂ ಒಂದೇ ಉತ್ತರ ಬರೋ ಹಾಗಿದ್ರೆ, ಸರಿಯಾದ ರೀತೀಲೇ ಮಾಡಿ."

ಕ್ಲಾಸಿನಲ್ಲಿ ಹೇಳುವಷ್ಟು ಸುಲಭವಾಗಿ ಹೇಳಿಬಿಟ್ಟಿದ್ದೆ. ಉತ್ತರ ತಪ್ಪಾದರೆ ಹೋಗುವ ಅಂಕ ನನ್ನದಾಗಿರಲಿಲ್ಲ.

ಮರುದಿನ ಅವರು ಕೋಚಿಗೆ ವಿಷಯ ತಿಳಿಸಿದರು. ಅದೇ ಸಂಜೆ ಟೀಮಿನ ಕ್ಯಾಪ್ಟನ್ನು, ಎಲ್ಲರಿಗಿಂತ ಸರ್ವೀಸ್ ಜಾಸ್ತಿಯಿರುವ ದೊಡ್ಡಣ್ಣ, ಸೇಬಿನ ಹಣ್ಣಿನ ಕವರು ಹಿಡಿದು ನಮ್ಮ ಮನೆಗೆ ಬಂದರು. ಬಾಯಿ ತುಂಬ ಮಾತಾಡಿಸುವ ಮನುಷ್ಯ. ನಮ್ಮ ಮಗಳ ಓದು ವಿಚಾರಿಸಿದರು, ನನ್ನ ಕಾಫಿ ಹೊಗಳಿದರು. ಆಮೇಲೆ ಇವರ ತೊಡೆಯ ಮೇಲೆ ಕೈಯಿಟ್ಟು, "ಮಂಡಿ ನೋವು ಅಂತ ಹೇಳ್ಬುಡಪ್ಪ. ಡಾಕ್ಟ್ರ ಹತ್ರ ನಾನೇ ಮಾತಾಡ್ತೀನಿ. ಮರ್ಯಾದೆಯಾಗಿ ಮುಗ್ದೋಗ್ತದೆ" ಎಂದರು.

"ಮಂಡಿ ಚೆನ್ನಾಗೈತಣ್ಣ. ಹುಡುಗ ನನಗಿಂತ ಚೆನ್ನಾಗಿ ಆಡ್ತಾನೆ, ಅಷ್ಟೇ."

"ಹಂಗಂದ್ರೆ ನಮ್ ಜಾಗದಾಗೆ ಇರೋ ಹುಡುಗ್ರೂ ನಮಗಿಂತ ಚೆನ್ನಾಗಿ ಆಡ್ತಾರೆ ಅಂತಾನಾ ನೀನ್ ಹೇಳೋದು?"

ಇವರು ಗೋಡೆಯ ಗಡಿಯಾರ ನೋಡುತ್ತಾ ಕೂತರು. ದೊಡ್ಡಣ್ಣ ಕಾಫಿಯನ್ನು ಅರ್ಧಕ್ಕೆ ಬಿಟ್ಟು ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ನನಗೆ, "ಬತ್ತೀನಮ್ಮ ತಂಗಿ. ಇವನ್ಗೆ ಒಸಿ ಬುದ್ಧಿ ಹೇಳು" ಎಂದರು. ಆ ಸೇಬನ್ನು ನಾನು ಮಗಳಿಗೆ ಕೊಡಲಿಲ್ಲ. ಪಕ್ಕದ ಮನೆಯ ಹಸುವಿಗೆ ಹಾಕಿ ಎರಡು ದಿನ ನೋಡಿದೆ. ಹಸು ಚೆನ್ನಾಗಿಯೇ ಇತ್ತು.

ಆವತ್ತಿನಿಂದ ಫ್ಯಾಕ್ಟರಿ ಬಸ್ಸಿನಲ್ಲಿ ಇವರ ಪಕ್ಕದ ಸೀಟು ಖಾಲಿ. ಕ್ಯಾಂಟೀನಿನಲ್ಲಿ ಇವರು ಕೂತ ಮೇಜಿಗೆ ಯಾರೂ ಬರುತ್ತಿರಲಿಲ್ಲ. ಹುಡುಗರೂ ಬರುತ್ತಿರಲಿಲ್ಲ ಎಂದು ಕೇಳಿ ನನಗೆ ಆಶ್ಚರ್ಯವಾಯಿತು. ಗೋಲಿನ ಹುಡುಗನೊಬ್ಬ ಮಾತ್ರ ಶಿಫ್ಟು ಮುಗಿದ ಮೇಲೆ ಮನೆಗೆ ಬಂದು, "ಅಣ್ಣ, ನೀವಿರುವಾಗ ನಾನೆಂಗಣ್ಣ ನಿಂತ್ಕೊಳ್ಳೋದು? ನಮ್ಮಪ್ಪ ಬೈತಾವ್ರೆ" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಇವರು ಅವನಿಗೆ ಅನ್ನ ಹಾಕಿಸಿ, "ನಿಂತ್ಕೊ. ಏನೇ ಮಾತು ಬಂದ್ರೂ ನನ್ ಮ್ಯಾಲೆ ಬರ್ಲಿ. ನಿನ್ ಹೆಸರು ಕೆಡಕ್ಕೆ ಬುಡಲ್ಲ" ಎಂದು ಮಾತು ಕೊಟ್ಟರು.

ಫೈನಲ್ಲಿನ ಭಾನುವಾರ ಊರೆಲ್ಲ ಗ್ರೌಂಡಿನಲ್ಲಿತ್ತು. ಹೂವು ಬೆಳೆಯುವ ತಳಿ ಊರಿನ ಕಡೆಯಿಂದ ಜೀಪಿನಲ್ಲಿ ಸೇವಂತಿಗೆಯ ಹಾರಗಳು ಬಂದಿದ್ದವು, ತೋಳು ಗಾತ್ರದವು. ನಾದಸ್ವರ ಊದಿಸಿದರು. ಈ ಸಲ ತಿಳಿದುಕೊಂಡು ನೋಡುತ್ತಿದ್ದ ನನಗೆ ಎಲ್ಲ ಸ್ಪಷ್ಟವಾಗಿ ಕಂಡಿತು. ಅದು ಆಟವಾಗಿರಲಿಲ್ಲ, ಸನ್ಮಾನ. ಅಣ್ಣಂದಿರು ಸರ್ವೀಸಿನ ಪ್ರಕಾರ ಸಾಲಾಗಿ ನಿಂತರು. ಡೈರೆಕ್ಟರು ಹಾರ ಹಾಕಿದರು. ಹುಡುಗರು ಬೆಂಚಿನ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಇವರೂ ಕೊರಳೊಡ್ಡಿ ಹಾರ ಹಾಕಿಸಿಕೊಂಡರು, ಕೈ ಕುಲುಕಿದರು. ಆಮೇಲೆ ಹಾರ ತೆಗೆದು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ಹುಡುಗ ಇವರ ಕಾಲು ಮುಟ್ಟಿ, ಹೆಲ್ಮೆಟ್ಟು ಹಾಕಿಕೊಂಡು ಗೋಲಿಗೆ ಹೋದ. ಗ್ಯಾಲರಿಯಲ್ಲಿ ಗುಜುಗುಜು ಎದ್ದಿತು.

ನನ್ನ ಹಿಂದೆ ಕೂತಿದ್ದ ಒಬ್ಬ, "ನೋಡ್ಲಾ, ಕೀಪರ್ರು ಇಳೀಲೇ ಇಲ್ಲ" ಎಂದ. ಇನ್ನೊಬ್ಬ, "ಮೊದ್ಲೇ ಮಾತಾಡ್ಕೊಂಡವ್ನೆ ಕಣ್ಲಾ" ಎಂದ. ಆಟ ಇನ್ನೂ ಶುರುವಾಗಿರಲಿಲ್ಲ.

ಆ ಹುಡುಗ ಆಡಿದ್ದನ್ನು ನಾನು ಮರೆಯುವುದಿಲ್ಲ. ಎದುರಿನವರು ಗೋಲಿನ ಮುಂದೆ ಮನೆ ಕಟ್ಟಿಕೊಂಡ ಹಾಗೆ ಅಲ್ಲೇ ಇದ್ದರು. ಅಣ್ಣಂದಿರು ಅರ್ಧ ಗ್ರೌಂಡು ಓಡಿ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಹುಡುಗ ಬಿದ್ದೆದ್ದು ತಡೆದ. ಕೊನೆಗೆ ಬಿದ್ದ ಒಂದೇ ಗೋಲು ನಮ್ಮವರದೇ ಸ್ಟಿಕ್ಕಿಗೆ ತಾಗಿ ದಿಕ್ಕು ತಪ್ಪಿ ಒಳಗೆ ಹೋದದ್ದು. ಆಟ ಮುಗಿಯುವ ಹೊತ್ತಿಗೆ ನಮಗೊಂದು ಪೆನಾಲ್ಟಿ ಕಾರ್ನರ್ ಸಿಕ್ಕಿತು. ಸೆಮಿಫೈನಲ್ಲಿನಲ್ಲಿ ಹಲಗೆ ಒಡೆಯುವ ಹಾಗೆ ಹೊಡೆದಿದ್ದ ಸಣಕಲ ಹುಡುಗ ಬೆಂಚಿನಿಂದ ಎದ್ದು ನಿಂತ, ಕರೆಯುತ್ತಾರೇನೋ ಎಂದು. ಕೋಚು ದೊಡ್ಡಣ್ಣನ ಕಡೆ ನೋಡಿದರು. ದೊಡ್ಡಣ್ಣ ಬೇಡವೆಂದು ಕೈಯಾಡಿಸಿ, ತಾವೇ ಬಗ್ಗಿ ಹೊಡೆದರು. ಚೆಂಡು ಎದುರು ಓಡಿ ಬಂದವನ ಸ್ಟಿಕ್ಕಿಗೆ ಬಡಿದು ಆಚೆ ಹೋಯಿತು. ಅಲ್ಲಿಗೆ ಮುಗಿಯಿತು.

ಹೊರಗೆ ಬರುವಾಗ ಜನ ದೊಡ್ಡಣ್ಣನ ಬೆನ್ನು ತಟ್ಟಿ ಸಮಾಧಾನ ಹೇಳುತ್ತಿದ್ದರು. ಪಾಪ, ಈ ವಯಸ್ಸಿನಲ್ಲೂ ಎಷ್ಟು ಕಷ್ಟಪಟ್ಟರು ಎನ್ನುತ್ತಿದ್ದರು. ನನ್ನ ಗಂಡನಿಗೆ ದಾರಿ ಬಿಟ್ಟು ಸರಿದು ನಿಂತರು. ಯಾರೋ ಹಿಂದಿನಿಂದ ಒಂದು ನೀರಿನ ಬಾಟಲಿ ಎಸೆದರು. ಅದು ಇವರ ಕಾಲಿನ ಹತ್ತಿರ ಬಿತ್ತು. ಇವರು ಬಗ್ಗಿ ಎತ್ತಿ ಕಸದ ಡಬ್ಬಿಗೆ ಹಾಕಿ ನಡೆದರು. ನನಗೆ ಆ ಜನರನ್ನೆಲ್ಲ ಒಂದು ಕ್ಲಾಸಿನಲ್ಲಿ ಕೂಡಿಹಾಕಿ ಬೆತ್ತ ತೆಗೆದುಕೊಳ್ಳುವಷ್ಟು ಸಿಟ್ಟು ಬಂದಿತ್ತು.

ಒಂದು ತಿಂಗಳು ಕಳೆದಿರಬೇಕು. ಶುಕ್ರವಾರ ಪೂಜೆಗೆಂದು ಬಸ್ ಸ್ಟ್ಯಾಂಡಿನ ಹತ್ತಿರ ಹೂವು ಕೊಳ್ಳುತ್ತಿದ್ದೆ. ಬೇರಿಕೆಯಿಂದ ಬುಟ್ಟಿಯಲ್ಲಿ ಗುಲಾಬಿ ತರುವ ಹೆಂಗಸು ಹೊಸಬಳು, ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಹೂವಿಗೆ ಬೆಲೆ ಜಾಸ್ತಿಯಾಯಿತು ಎಂದು ನಾನು ಕೊಸರಾಡಿದ್ದಕ್ಕೆ, "ನಮ್ದೇನೈತಕ್ಕ, ನಾವು ಕೂಲಿಯೋರು. ತೋಟ ಎಲ್ಲಾ ದೊಡ್ಡೋರು ತಗೊಂತಾವ್ರೆ. ಆ ಹಾಕಿ ಕೀಪರ್ರು ಕೂಡ ನಮ್ಮೂರ ಹತ್ರ ಗುಲಾಬಿ ತೋಟ ತಗೊಂಡವ್ರಂತೆ. ಬೋರ್‌ವೆಲ್ ಬೇರೆ ಹಾಕ್ಸವ್ರಂತೆ" ಎಂದಳು.

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಾರೆ. ಆವತ್ತು ನಿಂತಿದ್ನಲ್ಲ, ಸಾನಮಾವು ಕಡೆ ಹುಡುಗ, ಅವನ್ಗೂ ಪಾಲು ಕೊಟ್ಟವ್ರಂತೆ. ಹೊಸ ಬೈಕು ತಗೊಂಡವ್ನೆ ನೋಡಿ, ಎಲ್ಲಿಂದ ಬಂತು?"

ಆ ಬೈಕಿಗೆ ಅವರಪ್ಪ ಹಸು ಮಾರಿದ್ದು ನನಗೆ ಗೊತ್ತಿತ್ತು. ಹೇಳಿದರೆ ಅವಳು ನಂಬುತ್ತಿರಲಿಲ್ಲ. ಅವಳ ಜಾಗದಲ್ಲಿದ್ದಿದ್ದರೆ ನಾನೂ ನಂಬುತ್ತಿರಲಿಲ್ಲ. ಹೂವು ತೆಗೆದುಕೊಂಡು ಬಂದೆ.

ಮನೆಯಲ್ಲಿ ಇವರು ತಾರಸಿಯ ಮೇಲೆ ಕೀಪರ್ ಪ್ಯಾಡುಗಳನ್ನು ಒರೆಸಿ ಬಿಸಿಲಿಗೆ ಹಾಕುತ್ತಿದ್ದರು. ಹುಡುಗನಿಗೆ ಕೊಡುವುದಕ್ಕೆ. ನಾನು ಹೂವಿನ ಪೊಟ್ಟಣ ಹಿಡಿದುಕೊಂಡೇ ಹತ್ತಿ, "ರೀ, ಬೇರಿಕೆ ಹತ್ರ ನಮಗೊಂದು ಗುಲಾಬಿ ತೋಟ ಇದೆಯಂತೆ" ಎಂದೆ.

ಅವರು ತಲೆಯೆತ್ತಿ ನೋಡಿದರು. "ಹೌದಾ? ನೀರೈತಂತಾ?" ಎಂದು ಕೇಳಿದರು.

"ಬೋರ್‌ವೆಲ್ ಹಾಕ್ಸಿದ್ದೀರಂತೆ."

"ಹಂಗಾದ್ರೆ ಪರ್ವಾಗಿಲ್ಲ ಬುಡು. ಕೃಷ್ಣಗಿರಿ ಅಣ್ಣನ್ಗೆ ಬರೀ ಮೆಟ್ಲು ಕೊಟ್ಟಿದ್ರು, ನಂಗೆ ತೋಟಾನೇ ಕೊಟ್ಟವ್ರೆ" ಎಂದು ನಕ್ಕರು. ನನಗೂ ನಗು ಬಂತು. ಇಬ್ಬರೂ ಅಲ್ಲೇ ಟ್ಯಾಂಕಿನ ನೆರಳಲ್ಲಿ ಕೂತು, ತೋಟಕ್ಕೆ ಯಾವ ಬಣ್ಣದ ಗುಲಾಬಿ ಹಾಕಿಸುವುದೆಂದು ಮಾತಾಡಿದೆವು. ನಗುತ್ತಾ ನಗುತ್ತಾ ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಂಡವರು ಟವೆಲ್ಲನ್ನು ಬೇಗ ತೆಗೆಯಲಿಲ್ಲ.

ಆಮೇಲೆ ಪ್ಯಾಡಿನ ಪಟ್ಟಿ ಎಳೆದು ಗಟ್ಟಿಯಾಗಿದೆಯೇ ಎಂದು ನೋಡುತ್ತಾ ಕೇಳಿದರು. "ಹುಡುಗನ ಹೆಸರು ಯಾರೂ ಎತ್ಲಿಲ್ಲ ತಾನೇ?"

"ಇಲ್ಲ" ಎಂದೆ.